ಖೋಲಿಗೆ ಬಂದ ರೊಕ್ಕ, ಮಾಸ್ತರಿಗೆ ಬಾರದ ರೊಕ್ಕ

ಅಫಜಲಪುರ ತಾಲ್ಲೂಕಿನ ಹವಳಗಾ ಎಂದರೆ ಹೊರಗಿನವರಿಗೆ ನೆನಪಾಗುವುದು ಸಕ್ಕರೆ ಕಾರ್ಖಾನೆ. ಈ ಊರಿನ ಆಸುಪಾಸಿನ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶಾಲೆ ಕಾಲೇಜುಗಳಿಗೆ ಸರ್ಕಾರದ ಹಣ ಬಂದಿಲ್ಲ ಎನ್ನುವಂತಿಲ್ಲ. ಬಂದಿದೆ, ಒಂದೊಂದು ಕಾಲಕ್ಕೆ ಒಂದೊಂದು ಯೋಜನೆಯ ಹೆಸರು ಹೊತ್ತು ಬಂದಿದೆ. ಹಾಗೆ ಬಂದದ್ದು ಕಟ್ಟಡವಾಗಿ ಕಣ್ಣಿಗೆ ಕಾಣುತ್ತದೆ. ತಿಂಗಳು ತಿಂಗಳು ಸಂಬಳ ಕೊಟ್ಟು ಕಲಿಸುವವರನ್ನು ಉಳಿಸಿಕೊಳ್ಳುವ ಹಣ ಮಾತ್ರ ಮೊದಲಿಂದಲೂ ಹಿಂದೆ ಬಿದ್ದಿದೆ. ಈ ಸೀಮೆಯ ಶಿಕ್ಷಣದ ಕಥೆಯನ್ನು ಎಲ್ಲಿಂದ ಓದಿದರೂ ನನಗೆ ಕಾಣುವುದು ಇದೇ.

ನಿಜಾಮರ ಕಾಲದಲ್ಲಿ ಓದಿನ ಏಣಿ ಹೈದರಾಬಾದಿಗೆ ಆತಿತ್ತು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲೇ ಉನ್ನತ ಶಿಕ್ಷಣ ಕೊಟ್ಟಿತು. ದೇಶಭಾಷೆಯೊಂದರಲ್ಲಿ ಅದು ದೊಡ್ಡ ಸಾಹಸ. ಆದರೆ ಮನೆಯಲ್ಲಿ ಕನ್ನಡವಾಡುವ ಕಲಬುರಗಿಯ ಮಗುವಿಗೆ ಅದರ ಮೊದಲ ಮೆಟ್ಟಿಲೇ ಎತ್ತರವಾಗಿತ್ತು. ಇಂಥ ಕೊರತೆಯನ್ನು ತುಂಬಲು ಊರಿನ ಜನ ಅದಕ್ಕೂ ಮೊದಲೇ ಹೊರಟಿದ್ದರು. 1907ರಲ್ಲಿ ಕಲಬುರಗಿಯಲ್ಲಿ ನೂತನ ವಿದ್ಯಾಲಯ ಹುಟ್ಟಿತು; 1930ರ ದಶಕದಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಅತ್ತ ಮುಂಬೈ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿಗಳಲ್ಲಿ 1854ರ ವುಡ್ ವರದಿಯ ನಂತರ ಖಾಸಗಿ ಶಾಲೆಗಳಿಗೆ ಸಹಾಯಧನ ಕೊಡುವ ಪದ್ಧತಿ ಬೇರುಬಿಟ್ಟಿತ್ತು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಅಷ್ಟು ಹೊತ್ತಿಗೆ ನೆರೆಯವರು ಒಂದೆರಡು ತಲೆಮಾರು ಮುಂದೆ ಹೋಗಿದ್ದರು.

1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು. ಅದೇ ವರ್ಷ ಎಂಜಿನಿಯರಿಂಗ್ ಕಾಲೇಜು, 1963ರಲ್ಲಿ ವೈದ್ಯಕೀಯ ಕಾಲೇಜು ಬಂದವು. ಇವೆಲ್ಲ ಬೆಳೆದದ್ದು ಕಲಬುರಗಿ ಪಟ್ಟಣದಲ್ಲಿ. ಹಳ್ಳಿಗಳಲ್ಲಿ ಖಾಸಗಿ ಕನ್ನಡ ಶಾಲೆಗಳು ತಲೆಯೆತ್ತುವ ಹೊತ್ತಿಗೆ ಅನುದಾನದ ಬಾಗಿಲು ಮುಚ್ಚುತ್ತಾ ಬಂದಿತ್ತು. ಅನುದಾನಿತ ಶಾಲೆಯ ಶಿಕ್ಷಕರಿಗೆ ಸರ್ಕಾರ ಸಂಬಳ ಕೊಡುತ್ತದೆ. ಪಕ್ಕದ ಅನುದಾನರಹಿತ ಶಾಲೆಯಲ್ಲಿ ಅದೇ ಪಾಠ ಮಾಡುವವರು ಆಡಳಿತ ಮಂಡಳಿ ಕೊಟ್ಟಷ್ಟಕ್ಕೆ ದುಡಿಯುತ್ತಾರೆ. 1995ರ ನಂತರ ಶುರುವಾದ ಕನ್ನಡ ಶಾಲೆಗಳಿಗೂ ಅನುದಾನ ಕೊಡಿ ಎಂಬ ಕೂಗು ವರ್ಷಗಳಿಂದ ಕೇಳುತ್ತಲೇ ಇದೆ. ತಡವಾಗಿ ಓದಲು ಹೊರಟ ಸೀಮೆಗೆ ಕಾಲಮಿತಿಯ ಗೆರೆ ಹೆಚ್ಚು ನೋಯಿಸುತ್ತದೆ. ಧಾರವಾಡಕ್ಕೂ ಜೇವರ್ಗಿಗೂ ಒಂದೇ ಗೆರೆ ಎಳೆದದ್ದು ನ್ಯಾಯ ಎಂದು ನನಗೆ ಅನ್ನಿಸುವುದಿಲ್ಲ.

ಆಮೇಲೆ ಬಂದದ್ದು ಸಮಿತಿಗಳ ಕಾಲ. ಜೇವರ್ಗಿಯನ್ನು ದೀರ್ಘಕಾಲ ಪ್ರತಿನಿಧಿಸಿ ಮುಖ್ಯಮಂತ್ರಿಯೂ ಆದ ಧರ್ಮಸಿಂಗ್ ಅವರ ನೇತೃತ್ವದ ಸಮಿತಿ 1980ರ ದಶಕದ ಆರಂಭದಲ್ಲಿ ಈ ಸೀಮೆಯ ಅಭಿವೃದ್ಧಿಯ ಬಗ್ಗೆ ವರದಿ ಕೊಟ್ಟಿತು. 1991ರ ಕಾಯ್ದೆಯಿಂದ ಈ ಸೀಮೆಗೆ ಅಭಿವೃದ್ಧಿ ಮಂಡಳಿ ಬಂತು. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಅದರಲ್ಲಿ 21 ಕಲಬುರಗಿ ವಿಭಾಗದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಸಮಿತಿ ಸೂಚಿಸಿತ್ತು.

ಇದೇ ಹೊತ್ತಿನ ಒಂದು ಕೆಲಸವನ್ನು ಮನಸಾರೆ ಮೆಚ್ಚಬೇಕು. 2002ರ ಜೂನ್‌ನಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಆರಂಭವಾದದ್ದು ಕಲಬುರಗಿ ಸೇರಿದಂತೆ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ರಾಜ್ಯದ ಉಳಿದ ಭಾಗಕ್ಕೆ ಅದು ಆಮೇಲೆ ಹೋಯಿತು. ಹಿಂದುಳಿದವರನ್ನು ಸಾಲಿನ ಮುಂದೆ ನಿಲ್ಲಿಸಿದ ಇಂಥ ಉದಾಹರಣೆ ವಿರಳ. ಹಣ ವರ್ಷವರ್ಷವೂ ನಿಲ್ಲದೆ ಬಂದದ್ದರಿಂದಲೇ ಈ ಯೋಜನೆ ಉಳಿಯಿತು.

ಹಾಗಾಗದೆ ಹೋದದ್ದಕ್ಕೆ ಆದರ್ಶ ವಿದ್ಯಾಲಯಗಳನ್ನು ನೋಡಬೇಕು. ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಿಗೆಂದು ಕೇಂದ್ರದ ಯೋಜನೆಯಡಿ ರಾಜ್ಯದಲ್ಲಿ ಇಂಥ 74 ಶಾಲೆಗಳು ಬಂದವು. 2015-16ರಿಂದ ಕೇಂದ್ರ ಕೈ ಹಿಂತೆಗೆದುಕೊಂಡಿತು. ನಡೆಸುವ ಹೊಣೆ ರಾಜ್ಯದ ಹೆಗಲಿಗೆ ಬಿತ್ತು. ಸಮಗ್ರ ಶಿಕ್ಷಣದಲ್ಲೂ ಈಗ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ದಿನಗಳಲ್ಲಿ ಕೇಂದ್ರವೇ ಶೇ 85 ಕೊಡುತ್ತಿತ್ತು.

ಶಾಲೆಯ ಮಟ್ಟಕ್ಕೆ ಇಳಿದು ನೋಡಿದರೆ ಲೆಕ್ಕ ಇನ್ನೂ ಚಿಕ್ಕದು. 31ರಿಂದ 100 ಮಕ್ಕಳಿರುವ ಸರ್ಕಾರಿ ಶಾಲೆಗೆ ಸಮಗ್ರ ಶಿಕ್ಷಣದ ಶಾಲಾ ಅನುದಾನದ ಮಾನದಂಡ ವರ್ಷಕ್ಕೆ 25,000 ರೂಪಾಯಿ, 250ರವರೆಗೆ 50,000. ಚಾಕ್‌ಪೀಸು, ರಿಜಿಸ್ಟರು, ಕೆಟ್ಟ ನಲ್ಲಿ, ಸೋರುವ ಮಾಳಿಗೆಯ ತೇಪೆ, ಶೌಚಾಲಯದ ಸ್ವಚ್ಛತೆ ಎಲ್ಲವೂ ಅದರಲ್ಲೇ ಆಗಬೇಕು. ಕಂತು ತಡವಾದರೆ ಮುಖ್ಯ ಗುರುಗಳು ಕಿಸೆಯಿಂದ ಹಾಕಿ, ರಶೀದಿ ಕೂಡಿಟ್ಟು ಕಾಯುತ್ತಾರೆ. ಅವರೇ ಒಂದೊಂದು ದಿನ ಎರಡು ತರಗತಿಗಳನ್ನು ಒಂದೇ ಖೋಲಿಯಲ್ಲಿ ಕೂಡಿಸಿ ಪಾಠವನ್ನೂ ಮಾಡುತ್ತಾರೆ. ಖಾಲಿ ಹುದ್ದೆಗೆ ಬರುವವರು ಅತಿಥಿ ಶಿಕ್ಷಕರು. ಶಾಲೆ ಶುರುವಾದ ಮೇಲೆ ಸೇರಿ, ವರ್ಷ ಮುಗಿಯುತ್ತಲೇ ಹೋಗುವವರು. ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ಪಾಡೂ ಇದೇ.

ಸಂವಿಧಾನದ 371(ಜೆ) ಕಲಮು ಶಿಕ್ಷಕರ ಕೊರತೆಯ ಈ ಗಂಟನ್ನು ಸ್ವಲ್ಪ ಸಡಿಲಿಸಿದೆ. 98ನೇ ತಿದ್ದುಪಡಿಯಿಂದ ಬಂದ ಈ ಕಲಮಿನಡಿ 2013ರ ಆದೇಶಗಳು ಸ್ಥಳೀಯರಿಗೆ ಹುದ್ದೆಗಳಲ್ಲೂ ಕಾಲೇಜು ಸೀಟುಗಳಲ್ಲೂ ಮೀಸಲು ಕೊಟ್ಟವು. 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯ 15,000 ಹುದ್ದೆಗಳಲ್ಲಿ 5,000 ಈಗ ಕಲ್ಯಾಣ ಕರ್ನಾಟಕ ಎನ್ನುವ ಈ ಸೀಮೆಗೆಂದೇ ಇದ್ದವು. ಊರಿನ ಮಗಳೇ ಊರಿನ ಶಾಲೆಗೆ ಶಿಕ್ಷಕಿಯಾಗಿ ಬಂದರೆ, ವರ್ಗಾವಣೆಗಾಗಿ ಕಾಯುವ ಮನಸ್ಸು ಕಡಿಮೆ. ಈಗಿನ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್‌ನಲ್ಲಿ 5,000 ಕೋಟಿ ಘೋಷಣೆಯಾಯಿತು. ಅದರಲ್ಲಿ ಶಿಕ್ಷಣಕ್ಕೆ ಪ್ರತ್ಯೇಕ ಪಾಲು ಎತ್ತಿಡಲು ‘ಅಕ್ಷರ ಆವಿಷ್ಕಾರ’ ಬಂತು.

ಉನ್ನತ ಶಿಕ್ಷಣದಲ್ಲಿ ಎರಡು ಬೇರೆ ಬೇರೆ ದಾರಿಗಳು ಅಕ್ಕಪಕ್ಕದಲ್ಲೇ ಇವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಸ್ವತಂತ್ರವಾಯಿತು. ರಾಜ್ಯದ ಅನುದಾನದ ಜೊತೆಗೆ ಸಂಲಗ್ನ ಕಾಲೇಜುಗಳ ಶುಲ್ಕವೂ ಅದರ ಆದಾಯ. ಬಳ್ಳಾರಿ, ರಾಯಚೂರು, ಬೀದರ್‌ಗಳಲ್ಲಿ ಒಂದೊಂದಾಗಿ ಹೊಸ ವಿಶ್ವವಿದ್ಯಾಲಯಗಳು ಬಂದಂತೆ ಆ ಆದಾಯದ ಮೂಲ ಕುಗ್ಗಿತು, ಪಿಂಚಣಿಯ ಭಾರ ಉಳಿಯಿತು. ಹೊಸವಕ್ಕೂ ನೆಲೆ ಗಟ್ಟಿಯಿಲ್ಲ: 2025ರಲ್ಲಿ ಸಂಪುಟ ಉಪಸಮಿತಿ ಹಣದ ಕೊರತೆಯ ಕಾರಣಕ್ಕೆ ಮುಚ್ಚಬಹುದೆಂದ ಒಂಬತ್ತರಲ್ಲಿ ಕೊಪ್ಪಳವೂ ಇತ್ತು. ಅತ್ತ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, 2009ರ ಕಾಯ್ದೆಯಿಂದ ಬಂದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ದಿಲ್ಲಿಯಿಂದ ನೇರ ಹಣ ಬರುತ್ತದೆ.

ಅದೇ ಕಡಗಂಚಿ ಇರುವ ಕಲಬುರಗಿ ಜಿಲ್ಲೆ 2025ರ ಎಸ್ಸೆಸ್ಸೆಲ್ಸಿಯ ಮೊದಲ ಪರೀಕ್ಷೆಯಲ್ಲಿ ಶೇ 42.43 ಫಲಿತಾಂಶದೊಂದಿಗೆ ರಾಜ್ಯದಲ್ಲೇ ಕೊನೆಗೆ ನಿಂತಿತು; ದಕ್ಷಿಣ ಕನ್ನಡದ್ದು ಶೇ 91.12. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರಿಲ್ಲದೆ ಪ್ರೌಢಶಾಲೆ ದಾಟುವ ಮಕ್ಕಳಿಗೆ ಈ ಅಂಕಿ ಅಚ್ಚರಿಯದಲ್ಲ. ಇದರ ಮೇಲೆ ಗುಳೆ ಇದೆ. ದಾಖಲಾತಿಯ ಲೆಕ್ಕ ಹಿಡಿಯುವುದು ಸೆಪ್ಟೆಂಬರ್ ಕೊನೆಗೆ. ದೀಪಾವಳಿಯ ಸುಮಾರಿಗೆ ಕಬ್ಬಿನ ಹಂಗಾಮು ಶುರುವಾಗಿ, ಕಬ್ಬು ಕಡಿಯಲು, ಮುಂಬೈ, ಪುಣೆಗಳಲ್ಲಿ ಕಟ್ಟಡ ಕೆಲಸಕ್ಕೆ ಸಂಸಾರಗಳು ಹೊರಟಾಗ ರಿಜಿಸ್ಟರಿನಲ್ಲಿರುವ ಮಗು ಖೋಲಿಯಲ್ಲಿರುವುದಿಲ್ಲ. ಅಂಥವರಿಗೆ ಹಂಗಾಮಿ ವಸತಿ ಮತ್ತು ಟೆಂಟ್ ಶಾಲೆಗಳ ಅವಕಾಶ ಯೋಜನೆಗಳಲ್ಲೇ ಇದೆ. ಮಂಡಳಿಯ ಕೋಟಿಗಳಲ್ಲಿ ಒಂದು ಪಾಲನ್ನು ಪ್ರತಿ ವರ್ಷ ಅಕ್ಟೋಬರ್‌ಗೆ ಮೊದಲೇ ಇದಕ್ಕೂ, ವಿಷಯ ಶಿಕ್ಷಕರ ಸಂಬಳಕ್ಕೂ ಬಿಡುಗಡೆ ಮಾಡುವುದಕ್ಕೆ ಹೊಸ ಸಮಿತಿಯೇನೂ ಬೇಕಿಲ್ಲ.