ಸನ್ನೆ, ಸಂಜ್ಞೆ ಮತ್ತು ಮಿದುಳು: ಒಂದು ಸಂಶೋಧನಾ ಪರಂಪರೆಯ ಚರಿತ್ರೆ (1870–2010)

ಮಾತು ಕಳೆದುಕೊಂಡವರಿಗೆ ಕೈಸನ್ನೆಯಾದರೂ ಉಳಿದಿರುತ್ತದೆಯೆ? ಸನ್ನೆಯ ನರವಿಜ್ಞಾನದ ಚರಿತ್ರೆ ಆರಂಭವಾಗುವುದು ಈ ಪ್ರಶ್ನೆಯಿಂದ. 1870ರಲ್ಲಿ ಜರ್ಮನಿಯ ವೈದ್ಯ ಫಿಂಕೆಲ್ನ್‌ಬುರ್ಗ್ ಅವರು, ಅಫೇಸಿಯಕ್ಕೆ ತುತ್ತಾದವರಲ್ಲಿ ಕುಂದುವುದು ಮಾತು ಮಾತ್ರವಲ್ಲ, ಸಂಕೇತಗಳನ್ನು ಬಳಸುವ ಹಾಗೂ ಗ್ರಹಿಸುವ ಶಕ್ತಿಯೇ ಎಂದು ವಾದಿಸಿ, ಈ ಸ್ಥಿತಿಯನ್ನು ‘ಅಸಿಂಬೋಲಿಯ’ ಎಂದು ಕರೆದರು. ಈ ವಾದವನ್ನು ಒಪ್ಪಿದರೆ ನಾಲಗೆ ಸೋತಲ್ಲಿ ಕೈಯೂ ಸೋಲಬೇಕು; ಸನ್ನೆಯ ಮೂಲಕ ರೋಗಿಗೆ ನೆರವಾಗುವ ಆಸೆಯನ್ನೂ ಕೈಬಿಡಬೇಕು.

ಈ ವಾದಕ್ಕೆ ಮೊದಲ ಬಿರುಕು ಮೂಡಿಸಿದವರು ಹ್ಯೂಗೊ ಲೀಪ್‌ಮನ್. ಎಡ ಮಿದುಳಿಗೆ ಪೆಟ್ಟಾಗಿ ಬಲಗೈ ಸ್ವಾಧೀನ ತಪ್ಪಿದವರನ್ನು ಅವರು 1905ರ ಸುಮಾರಿಗೆ ಪರೀಕ್ಷಿಸಿದಾಗ, ಪಾರ್ಶ್ವವಾಯು ಸೋಂಕದ ಎಡಗೈಯಿಂದಲೂ ವಂದಿಸಲು, ಬೆದರಿಸಲು, ಕೈಬೀಸಿ ಕರೆಯಲು ಹಲವರು ತಡವರಿಸಿದರು. ಅಂಥವರಲ್ಲಿ ಕೆಲವರ ಮಾತು ಸರಿಯಾಗಿಯೇ ಇತ್ತು. ಅಂದಮೇಲೆ ಕೆಟ್ಟದ್ದು ಸಂಕೇತಶಕ್ತಿಯಲ್ಲ, ಚಲನೆಯನ್ನು ಯೋಜಿಸುವ ಶಕ್ತಿ, ಅದೇ ಅಪ್ರಾಕ್ಸಿಯ. 1963ರಲ್ಲಿ ಗುಡ್‌ಗ್ಲಾಸ್ ಮತ್ತು ಕ್ಯಾಪ್ಲನ್ ಅವರು ಅಫೇಸಿಯ ರೋಗಿಗಳ ಸನ್ನೆ ಹಾಗೂ ಮೂಕಾಭಿನಯಗಳನ್ನು ಅಳೆದು ಇದೇ ದಿಕ್ಕಿನ ನಿರ್ಣಯಕ್ಕೆ ಬಂದರು. ಆದರೆ ಈ ಎರಡೂ ಪಕ್ಷಗಳಿಗೆ ಒಂದು ಸಮಾನ ಮಿತಿಯಿತ್ತು. ಇಬ್ಬರೂ ಸನ್ನೆಯನ್ನು ಮಾತಿನ ನೆರಳೆಂದೇ ಕಂಡರು. ಕೈಯೇ ಭಾಷೆಯಾಗಿರುವ ಸಮುದಾಯಗಳು ಅವರ ಲೆಕ್ಕಕ್ಕೆ ಬರಲಿಲ್ಲ.

ಆ ಕೊರತೆ ನೀಗಲು ವಿಲಿಯಂ ಸ್ಟೋಕಿಯವರ 1960ರ ವಿಶ್ಲೇಷಣೆ ಬೇಕಾಯಿತು. ಅಮೆರಿಕನ್ ಸಂಜ್ಞಾಭಾಷೆಯ ಪದಗಳಿಗೂ ಒಳರಚನೆಯಿದೆಯೆಂದು ಅದು ತೋರಿಸಿತು. 1987ರಲ್ಲಿ ಪಾಯ್ಜ್ನರ್, ಕ್ಲೈಮಾ ಮತ್ತು ಬೆಲ್ಲುಗಿ ಅವರ ಗ್ರಂಥವು ಎಡ ಮಿದುಳಿಗೆ ಹಾನಿಯಾದ ಕಿವುಡ ಸಂಜ್ಞಾಭಾಷಿಕರಲ್ಲಿ ಸಂಜ್ಞೆಯ ಅಫೇಸಿಯವನ್ನು ದಾಖಲಿಸಿತು. ಬಲ ಮಿದುಳಿಗೆ ಹಾನಿಯಾದವರಿಗೆ ಚಿತ್ರ ಬಿಡಿಸುವುದು ಕಷ್ಟವಾದರೂ ಅವರ ಭಾಷೆ ಬಹುಮಟ್ಟಿಗೆ ಉಳಿದಿತ್ತು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ನಿರ್ಣಾಯಕವಾದದ್ದು ಕೊರಿನಾ ಮತ್ತು ಸಂಗಡಿಗರು 1992ರಲ್ಲಿ ವರ್ಣಿಸಿದ ಒಬ್ಬನೇ ರೋಗಿಯ ಪ್ರಕರಣ. ಆತನಿಗೆ ಸಂಜ್ಞೆಗಳು ಕೈಕೊಟ್ಟಿದ್ದವು, ಮೂಕಾಭಿನಯ ಉಳಿದಿತ್ತು. ನೆನಪಾಗದ ಸಂಜ್ಞೆಯ ಜಾಗದಲ್ಲಿ ಆತ ಅಭಿನಯವನ್ನು ತಂದಿಡುತ್ತಿದ್ದ. ಅದೇ ಕೈ, ಅದೇ ಬೆರಳು. ವ್ಯವಸ್ಥೆಗಳು ಮಾತ್ರ ಎರಡು. (‘ಸನ್ನೆ ಭಾಷೆ’ ಎಂಬ ನಮ್ಮ ರೂಢಿಯ ಪದ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಈ ಲೇಖನದಲ್ಲಿ ಕೈಯ ಸ್ವಚ್ಛಂದ ಅಭಿವ್ಯಕ್ತಿಗೆ ಸನ್ನೆ, ವ್ಯಾಕರಣಬದ್ಧ ಘಟಕಕ್ಕೆ ಸಂಜ್ಞೆ ಎಂಬ ಭೇದವನ್ನು ಪಾಲಿಸಿದ್ದೇನೆ.)

ಅದೇ 1992ರಲ್ಲಿ ಇಟಲಿಯ ಪಾರ್ಮಾದಿಂದ ಬಂದ ವರದಿಯೊಂದು ಚರ್ಚೆಯ ದಿಕ್ಕನ್ನು ಬದಲಿಸಿತು. ತಾನು ವಸ್ತುವನ್ನು ಹಿಡಿದಾಗಲೂ ಇತರರು ಹಿಡಿಯುವುದನ್ನು ಕಂಡಾಗಲೂ ಸ್ಪಂದಿಸುವ ನರಕೋಶಗಳು ಮಕಾಕ್ ಕೋತಿಯ ಮಿದುಳಿನಲ್ಲಿ ಸಿಕ್ಕಿದ್ದವು. 1998ರಲ್ಲಿ ರಿಜೊಲಾಟಿ ಮತ್ತು ಆರ್ಬಿಬ್ ಅವರು ಈ ‘ಕನ್ನಡಿ ನರಕೋಶ’ಗಳ ಮೇಲೆ ಭಾಷೆಯ ಉಗಮದ ಸಿದ್ಧಾಂತವನ್ನೇ ಕಟ್ಟಿದರು. ಕೋತಿಯ ಹಿಡಿತದಿಂದ ಮನುಷ್ಯನ ವಾಕ್ಯದವರೆಗೆ ಹಾರಿದ ಈ ಜಿಗಿತ ತೀರ ದೊಡ್ಡದಾಯಿತೆಂಬ ಆಕ್ಷೇಪ ನ್ಯಾಯವಾದುದೇ.

ಮನುಷ್ಯರ ನಡುವಣ ಸಂವಹನವನ್ನೇ ಪರೀಕ್ಷೆಗೆ ಒಡ್ಡಿದವರು ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ಮಾರ್ಲೀನ್ ಷಿಪ್ಪರ್ಸ್, ಕ್ರಿಶ್ಚಿಯನ್ ಕೀಸರ್ಸ್ ಮತ್ತು ಸಂಗಡಿಗರು. ಅವರು ಆರಿಸಿಕೊಂಡದ್ದು ನಮ್ಮ ಕಾಲೇಜು ಹುಡುಗರೂ ಬಲ್ಲ ಡಂಬ್ ಷರಾಡ್ಸ್ ಆಟ. ಪ್ರೇಮಿಗಳ ಜೋಡಿಯಲ್ಲಿ ಒಬ್ಬರು ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿ ಪದವನ್ನು ಕೈಯಿಂದ ಅಭಿನಯಿಸುವರು. ಆ ವಿಡಿಯೊವನ್ನು ಇನ್ನೊಬ್ಬರು ಅದೇ ಯಂತ್ರದಲ್ಲಿ ನೋಡಿ ಪದವನ್ನು ಊಹಿಸುವರು. 2009ರ ವರದಿಯಂತೆ, ಅಭಿನಯಿಸುವಾಗಲೂ ಊಹಿಸುವಾಗಲೂ ಕನ್ನಡಿ ವ್ಯವಸ್ಥೆಯೆಂದು ಭಾವಿಸಲಾದ ವಲಯಗಳು ಚುರುಕಾದವು. ಅನ್ಯರ ಮನಸ್ಸನ್ನು ಊಹಿಸುವುದಕ್ಕೆ ಸಂಬಂಧಿಸಿದ ಟೆಂಪೊರೊ-ಪರೈಟಲ್ ಸಂಧಿ ಚುರುಕಾದದ್ದು ಊಹಿಸುವಾಗ ಮಾತ್ರ. 2010ರಲ್ಲಿ ಅವರು ಇನ್ನೂ ಮುಂದೆ ಹೋಗಿ, ಅಭಿನಯಿಸುವವರ ಮಿದುಳಿನ ಏರಿಳಿತಗಳು ಊಹಿಸುವವರ ಮಿದುಳಿನ ಏರಿಳಿತಗಳನ್ನು ಮುನ್ಸೂಚಿಸುತ್ತವೆಯೆಂದು ತೋರಿಸಿದರು.

ಇದಕ್ಕೆ ಬಳಸಿದ ಗ್ರೇಂಜರ್ ಕಾರಣತ್ವ ಅರ್ಥಶಾಸ್ತ್ರದಿಂದ ಎರವಲು ತಂದದ್ದು. ಹೆಸರಿನಲ್ಲಿ ‘ಕಾರಣ’ವಿದ್ದರೂ ಅದು ಹೇಳುವುದು ಒಂದು ಸರಣಿಯ ಭೂತಕಾಲ ಇನ್ನೊಂದರ ಭವಿಷ್ಯವನ್ನು ಊಹಿಸಲು ನೆರವಾಗುತ್ತದೆ ಎಂದಷ್ಟೆ. ಭಾಷಾವಿಜ್ಞಾನಿಗೆ ಇನ್ನೊಂದು ಸಂಕೋಚವೂ ಉಂಟು. ವಿಡಿಯೊ ನೋಡುವವರು ತಲೆಯಾಡಿಸಿದರೆ ಅಭಿನಯಿಸಿದವರಿಗೆ ಅದು ಕಾಣದು. ಅರ್ಥವಾಗಲಿಲ್ಲವೆಂದು ತಿಳಿದೊಡನೆ ಸನ್ನೆಯನ್ನು ತಿದ್ದಿಕೊಳ್ಳುವ ಅವಕಾಶ ಇಲ್ಲಿಲ್ಲ. ಇಲ್ಲಿ ಅಳೆದದ್ದು ಸಂವಾದದ ಅರ್ಧವನ್ನು.

ಅದೇ ವರ್ಷ ಪ್ರಕಟವಾದ ಕರೆನ್ ಎಮ್ಮೊರಿ ಮತ್ತು ಸಂಗಡಿಗರ ಅಧ್ಯಯನ ಕಡಿಮೆ ಸದ್ದು ಮಾಡಿತು, ಆದರೆ ಹೆಚ್ಚು ಆಳಕ್ಕೆ ತಟ್ಟಿತು. ಮೂಕಾಭಿನಯವನ್ನು ನೋಡಿದ ಕೇಳುಗರಲ್ಲಿ ಕನ್ನಡಿ ವ್ಯವಸ್ಥೆಯ ಮುಂಭಾಗ ಹಾಗೂ ಪರೈಟಲ್ ವಲಯಗಳು ಬಲವಾಗಿ ಸ್ಪಂದಿಸಿದವು. ಅದನ್ನೇ ನೋಡಿದ ಕಿವುಡ ಸಂಜ್ಞಾಭಾಷಿಕರಲ್ಲಿ ಆ ಸ್ಪಂದನ ಕಾಣಲಿಲ್ಲ. ಬದುಕಿನುದ್ದಕ್ಕೂ ಕೈಯಿಂದಲೇ ಮಾತನಾಡಿದವರು ಸನ್ನೆಯನ್ನು ಗ್ರಹಿಸಿದ್ದು ಆ ಕನ್ನಡಿಯ ನೆರವಿಲ್ಲದೆಯೇ.