ಎಂಟರಲ್ಲೊಂದು ಪಾಲಿನ ತಗ್ಗು: ತಾಮ್ರದ ಆಕ್ಸೈಡುಗಳಲ್ಲಿ ಆವೇಶತರಂಗದ ಇತಿಹಾಸ

1986ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್ ಬಳಿಯ ಪ್ರಯೋಗಾಲಯದಲ್ಲಿ ಬೆಡ್ನೋರ್ಟ್ಸ್ ಮತ್ತು ಮ್ಯುಲ್ಲರರು ಲ್ಯಾಂಥನಮ್, ಬೇರಿಯಮ್, ತಾಮ್ರಗಳ ಆಕ್ಸೈಡೊಂದು 30 ಕೆಲ್ವಿನ್ನಿನ ಆಸುಪಾಸಿನಲ್ಲಿ ಅತಿವಾಹಕವಾಗುವುದನ್ನು ಕಂಡ ವೃತ್ತಾಂತ ವಿದ್ಯಾರ್ಥಿಗಳಿಗೆ ವಿದಿತವೇ ಇದೆ. ಅದೇ ವಸ್ತುವಿನಲ್ಲಿ ಎರಡು ವರ್ಷಗಳ ಬಳಿಕ ಗೋಚರಿಸಿದ ನ್ಯೂನತೆಯೊಂದಕ್ಕೆ ಅಷ್ಟು ಪ್ರಚಾರ ದೊರೆತಿಲ್ಲ. ನಾವು ಇಲ್ಲಿ ಹೇಳಹೊರಟಿರುವುದು ಅದರ ಕಥೆಯನ್ನು.

ಲ್ಯಾಂಥನಮ್ಮಿನ ಸ್ವಲ್ಪ ಭಾಗವನ್ನು ತೆಗೆದು ಬೇರಿಯಮ್ಮನ್ನು ಸೇರಿಸಿದರೆ ತಾಮ್ರ-ಆಮ್ಲಜನಕದ ಪದರಗಳಲ್ಲಿ ಇಲೆಕ್ಟ್ರಾನುಗಳು ಕಡಿಮೆಯಾಗಿ ‘ರಂಧ್ರ’ಗಳು ಉಂಟಾಗುತ್ತವೆ, ವಿದ್ಯುತ್ತನ್ನು ಒಯ್ಯುವವು ಇವೇ. ಬೇರಿಯಮ್ ಹೆಚ್ಚಿದಂತೆ ಅತಿವಾಹಕತೆಯ ಉಷ್ಣತೆ ಮೊದಲು ಏರಿ, ಆಮೇಲೆ ಮೆಲ್ಲನೆ ಇಳಿಯಬೇಕೆಂಬುದು ನಿರೀಕ್ಷೆ. 1988ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಮೂಡೆನ್‌ಬಾ ಮತ್ತು ಸಂಗಡಿಗರು ಕಂಡದ್ದು ಬೇರೆ. ಎಂಟು ತಾಮ್ರಗಳಿಗೆ ಒಂದು ರಂಧ್ರವೆಂಬ ಪ್ರಮಾಣದಲ್ಲಿ ಆ ಉಷ್ಣತೆ ಕೆಲವೇ ಕೆಲ್ವಿನ್‌ಗೆ ಕುಸಿಯುತ್ತಿತ್ತು. ಎರಡು ಮಗ್ಗುಲಲ್ಲಿಯೂ ಅದು ಎತ್ತರದಲ್ಲಿಯೇ ಇತ್ತು. ಮರುವರ್ಷ ಆಕ್ಸ್ ಮೊದಲಾದವರು ಅಲ್ಲಿ ಸ್ಫಟಿಕದ ವಿನ್ಯಾಸವೇ ತುಸು ಮಾರ್ಪಡುವುದನ್ನು ತೋರಿಸಿದರು. ಕಾರಣ ಸಿಕ್ಕಿತೆಂದು ಬಹುಮಂದಿ ಸಮಾಧಾನಗೊಂಡರು. ನಮ್ಮ ಅಭಿಪ್ರಾಯದಲ್ಲಿ ಮುಂದಿನ ವಿಳಂಬಕ್ಕೆ ಈ ಸಮಾಧಾನವೇ ಬಹುಮಟ್ಟಿಗೆ ಹೊಣೆ. ಅದೇ 1989ರಲ್ಲಿ ಜಾನೆನ್ ಮತ್ತು ಗುನ್ನಾರ್ಸನ್ನರು, ಇಂಥ ಪದರದಲ್ಲಿ ರಂಧ್ರಗಳು ಚೆದುರಿರದೆ ಸಾಲುಗಟ್ಟಬಹುದೆಂದು ಲೆಕ್ಕ ಹಾಕಿ ತೋರಿಸಿದ್ದರು. ಗಣಿತಕ್ಕೂ ತಗ್ಗಿಗೂ ನಂಟು ಕೂಡಲು ಆರು ವರ್ಷ ಹಿಡಿಯಿತು.

1995ರಲ್ಲಿ ಬ್ರೂಕ್‌ಹೇವನ್ನಿನವರೇ ಆದ ಟ್ರಾಂಕ್ವಾಡಾ ಮತ್ತು ಸಂಗಡಿಗರು ನಿಯೋಡೈಮಿಯಮ್ ಬೆರೆಸಿದ ಸ್ಟ್ರಾನ್ಷಿಯಮ್ ಸ್ಫಟಿಕದ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿದರು. ನ್ಯೂಟ್ರಾನಿಗೆ ವಿದ್ಯುದಾವೇಶವಿಲ್ಲ, ಆದುದರಿಂದ ಆವೇಶದ ಏರಿಳಿತ ಅದಕ್ಕೆ ನೇರವಾಗಿ ತಿಳಿಯದು. ಆ ಏರಿಳಿತಕ್ಕೆ ಒಳಗಾಗಿ ಪರಮಾಣುಗಳು ತಮ್ಮ ನೆಲೆಯಿಂದ ಕಿಂಚಿತ್ ಜರುಗಿರುವುದು ಮಾತ್ರ ತಿಳಿಯುತ್ತದೆ. ಈ ಪರೋಕ್ಷ ಸಾಕ್ಷ್ಯದಿಂದ, ರಂಧ್ರಗಳು ನಾಲ್ಕು ತಾಮ್ರಗಳ ಅಂತರಕ್ಕೊಮ್ಮೆ ಪಟ್ಟೆಗಳಾಗಿ ನಿಲ್ಲುತ್ತವೆಂದೂ ನಡುವಣ ಕಾಂತೀಯ ವ್ಯವಸ್ಥೆ ಎಂಟಕ್ಕೊಮ್ಮೆ ಮರುಕಳಿಸುತ್ತದೆಂದೂ ಸ್ಥಿರಪಟ್ಟಿತು. ತಂಪುಗೊಳಿಸುವಾಗ ಆವೇಶದ ಚಿಹ್ನೆ ಮೊದಲು, ಕಾಂತೀಯ ಚಿಹ್ನೆ ಆಮೇಲೆ ಮೂಡಿತೆಂಬುದೂ ಗಮನಾರ್ಹ.

ಆದರೂ ಇದು ಲ್ಯಾಂಥನಮ್ ಕುಟುಂಬದ ಒಳಮಾತೆಂಬ ಭಾವನೆ ಅಳಿಯಲಿಲ್ಲ. ಅದನ್ನು ಅಳಿಸಿದುದು ಯಿಟ್ರಿಯಮ್ ಆಕ್ಸೈಡು. 2011ರಲ್ಲಿ ಗ್ರೆನೋಬಲಿನಲ್ಲಿ ಪ್ರಬಲ ಕಾಂತಕ್ಷೇತ್ರದೊಳಗೆ ನಡೆದ ಅನುರಣನ ಪ್ರಯೋಗವೂ, 2012ರಲ್ಲಿ ಗಿರಿಂಗೆಲ್ಲಿ ಹಾಗೂ ಚಾಂಗ್ ಎಂಬವರ ತಂಡಗಳು ಬೇರೆಬೇರೆಯಾಗಿ ನಡೆಸಿದ ಕ್ಷ-ಕಿರಣ ಪ್ರಯೋಗಗಳೂ ಅಲ್ಲಿ ಆವೇಶತರಂಗವನ್ನು ಕಂಡವು. ಚಾಂಗ್ ಅವರ ಮಾದರಿಯಲ್ಲಿ ತರಂಗದ ಚಿಹ್ನೆ ತಂಪಾದಂತೆ ಬೆಳೆದು, 67 ಕೆಲ್ವಿನ್ನಿನಲ್ಲಿ ಅತಿವಾಹಕತೆ ತೊಡಗಿದೊಡನೆ ಕುಗ್ಗತೊಡಗಿತು; ಕಾಂತಕ್ಷೇತ್ರದಿಂದ ಅತಿವಾಹಕತೆಯನ್ನು ಅಡಗಿಸಿದಾಗ ತರಂಗ ಮತ್ತೆ ಹಿಗ್ಗಿತು. ಎರಡಕ್ಕೂ ಪೈಪೋಟಿಯುಂಟೆಂಬ ಮಾತು ಅಂದಿನಿಂದ ರೂಢವಾಯಿತು.

ಈ ಮಾತನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. 2007ರಲ್ಲಿಯೇ, ಹಳೆಯ ತಗ್ಗಿನ ಬೇರಿಯಮ್ ಸ್ಫಟಿಕವನ್ನು ಮತ್ತೆ ಅಳೆದಾಗ, ಒಂದೊಂದು ಪದರದೊಳಗೆ ಸುಮಾರು 40 ಕೆಲ್ವಿನ್ನಿನಲ್ಲಿಯೇ ಅತಿವಾಹಕತೆಯ ಲಕ್ಷಣ ತೋರಿತ್ತು. ಕುಸಿದಿದ್ದುದು ಪದರಗಳ ಪರಸ್ಪರ ಸಂಬಂಧ! ಇಲೆಕ್ಟ್ರಾನು ಜೋಡಿಗಳೇ ತರಂಗದಂತೆ ಏರಿಳಿಯುತ್ತ, ಒಂದು ಪದರದ ಪಟ್ಟೆಗಳು ಮುಂದಿನದಕ್ಕೆ ಅಡ್ಡಲಾಗಿರುವುದರಿಂದ ಈ ಸಂಬಂಧ ಕಡಿದಿರಬೇಕೆಂದು ಬರ್ಗ್ ಮೊದಲಾದವರು ಊಹಿಸಿದರು. ಹಾಗಿದ್ದರೆ ತರಂಗವೂ ಅತಿವಾಹಕತೆಯೂ ಆ ಪದರದಲ್ಲಿ ಒಂದೇ ಒಕ್ಕಲಿನವಾಗುತ್ತವೆ.