ಕೊಚ್ಚಿನ್ ಕೋಳಿ ಕೊಚ್ಚಿಯದ್ದಲ್ಲ: ಎರಡು ಹುಂಜ, ಒಂದು ಆಯ್ಕೆ, ನೂರೆಂಬತ್ತು ವರ್ಷದ ಕಥೆ

ಇವತ್ತಿನ ಮಾತಿಗೆ ಕಾರಣ ದಹಿಸರ್‌ನ ಒಬ್ಬ ವೀಕ್ಷಕರು. ಊರು ಕುಂದಾಪುರದ ಕಡೆ. ಮೂವತ್ತು ವರ್ಷ ಮುಂಬೈಯಲ್ಲಿ ಹೋಟೆಲ್ ಕೆಲಸ ಮಾಡಿ, ಈಗ ಮನೆ ಹಿಂದಿನ ಚೂರು ಜಾಗದಲ್ಲಿ ಕೋಳಿ ಸಾಕ್ತಾ ಇದ್ದಾರೆ. ಅವರು ಎರಡು ಹುಂಜಗಳ ಫೋಟೊ ಕಳಿಸಿ ಹೀಗೆ ಕೇಳಿದ್ರು: "ಮಾರಾಯ್ರೆ, ಇವೆರಡೂ ಕೊಚ್ಚಿನ್. ಹೇಂಟೆ ನಾಲ್ಕಿವೆ. ಜಾಗ ಇರೋದು ಒಂದೇ ಹುಂಜಕ್ಕೆ. ಯಾವುದನ್ನ ಇಟ್ಕೊಳ್ಳಲಿ? ಮತ್ತೆ, ಇದು ಕೇರಳದ ಕೋಳಿ ಹೌದಾ?"

ಮೊದಲನೇ ಹುಂಜ ನೋಡೋಕೆ ರಾಜ. ಹೊಂಬಣ್ಣ, ಉಬ್ಬಿದ ಪುಕ್ಕ, ಕಾಲ್ಬೆರಳು ಕಾಣದಷ್ಟು ಗರಿ. ಅವರ ಮೊಮ್ಮಗಳ ಮುದ್ದಿನ ಹುಂಜವೂ ಅದೇ. ಎರಡನೆಯದು ಅಷ್ಟೇನೂ ಚೆಂದ ಇಲ್ಲ, ಬಣ್ಣ ಒಂದೇ ಸಮ ಇಲ್ಲ, ಕಾಲಿನ ಗರಿಯೂ ಸಾಧಾರಣ. ನಾನು ತಕ್ಷಣ ಉತ್ತರ ಕೊಡಲಿಲ್ಲ. ಯಾಕಂದ್ರೆ ಈ ಜಾತಿಯ ಇತಿಹಾಸ ಪೂರ್ತಿ ಇದೇ ಪ್ರಶ್ನೆಯ ಮೇಲೆ ನಿಂತಿದೆ: ಕಣ್ಣಿಗೆ ಕಂಡದ್ದನ್ನು ಆರಿಸೋದಾ, ಕೈಗೆ ಸಿಕ್ಕಿದ್ದನ್ನು ಆರಿಸೋದಾ?

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಕ್ರಾಫರ್ಡ್ ಮಾರ್ಕೆಟ್‌ನಲ್ಲಿ ಹಕ್ಕಿ, ಮೊಲ, ಮೀನು ಮಾರುವ ಸಾಲಿಗೆ ಹೋದ್ರೆ ಒಮ್ಮೊಮ್ಮೆ ಈ ಗರಿಗಾಲಿನ ಕೋಳಿಗಳು ಕಾಣಸಿಗ್ತವೆ. ಕೇಳಿದ್ರೆ "ಕೊಚ್ಚಿನ್" ಅಂತಾರೆ, ನಾವು ಕೊಚ್ಚಿ ಅಂದುಕೊಳ್ತೇವೆ. ಆದರೆ ಈ ಹೆಸರು ಬಂದದ್ದು "ಕೊಚ್ಚಿನ್ ಚೀನಾ"ದಿಂದ. ಅಂದ್ರೆ ಇವತ್ತಿನ ದಕ್ಷಿಣ ವಿಯೆಟ್ನಾಂ. ಆ ಕಡೆಯ ನಾಡಿಗೆ ಕೊಚ್ಚಿಯ ಹಾಗೇ ಕೇಳಿಸುವ ಹೆಸರಿತ್ತು. ನಮ್ಮ ಕೊಚ್ಚಿಯ ಜೊತೆ ಕಲಸಿಹೋಗಬಾರದು ಅಂತಲೇ ಪೋರ್ಚುಗೀಸರು ಅದಕ್ಕೆ "ಚೀನಾ" ಅನ್ನೋ ಬಾಲ ಸೇರಿಸಿದ್ರು. ಮುಂದೆ ಕೋಳಿ ಸಾಕುವವರು ಆ ಬಾಲವನ್ನೇ ಕತ್ತರಿಸಿದ್ರು. ಯಾವ ಗೊಂದಲ ಬೇಡ ಅಂತ ಬಾಲ ಹಚ್ಚಿದ್ರೋ, ಅದೇ ಗೊಂದಲಕ್ಕೆ ಮತ್ತೆ ಬಂದು ನಿಂತೆವು!

ಇನ್ನೂ ತಮಾಷೆ ಅಂದ್ರೆ ಕೋಳಿ ವಿಯೆಟ್ನಾಂನದ್ದೂ ಅಲ್ಲ. 1840ರ ದಶಕದ ಆರಂಭದಲ್ಲಿ ವಿಕ್ಟೋರಿಯಾ ರಾಣಿಯ ವಿಂಡ್ಸರ್ ಅರಮನೆಗೆ ಪೂರ್ವದೇಶದಿಂದ ಒಂದಷ್ಟು ಕೋಳಿಗಳು ಬಂದವು. ಅವಕ್ಕೆ "ಕೊಚ್ಚಿನ್ ಚೀನಾ" ಅನ್ನೋ ಹೆಸರು ಬಿತ್ತು. ಅವು ಉದ್ದ ಕಾಲಿನವು, ಕಾಲಲ್ಲಿ ಗರಿ ಇರಲಿಲ್ಲ. ಕೆಲವು ವರ್ಷದ ಮೇಲೆ ಶಾಂಘೈ ಬಂದರಿನಿಂದ ಬೇರೆಯೇ ಕೋಳಿ ಬಂತು: ಗಿಡ್ಡ, ದಪ್ಪ, ಗರಿಗಾಲಿನದು. ಹಳೇ ಹೆಸರು ಹೊಸ ಕೋಳಿಗೆ ಅಂಟಿಕೊಂಡಿತು. ಕೆಲವರು "ಶಾಂಘೈ ಕೋಳಿ" ಅಂತ ಸರಿಯಾಗಿಯೇ ಕರೆದ್ರು, ಆದರೆ ಆ ಹೆಸರು ಉಳೀಲಿಲ್ಲ.

ಈಗ ಮುಂಬೈಗೆ ಬನ್ನಿ. ಶಾಂಘೈ ಬಂದರಿನ ಬಾಗಿಲು ಇಂಗ್ಲಿಷರಿಗೆ ತೆರೆದದ್ದು ಹೇಗೆ? 1842ರ ನಾನ್‌ಕಿಂಗ್ ಒಪ್ಪಂದದಿಂದ. ಒಪ್ಪಂದ ಆದದ್ದು ಅಫೀಮು ಯುದ್ಧ ಮುಗಿದ ಮೇಲೆ. ಆ ಅಫೀಮಿನಲ್ಲಿ ದೊಡ್ಡ ಪಾಲು ಮಾಳವದಲ್ಲಿ ಬೆಳೆದು ಬೊಂಬಾಯಿ ಬಂದರಿನಿಂದ ಹಡಗು ಹತ್ತುತ್ತಿತ್ತು. ಈ ಊರಿನ ದೊಡ್ಡ ದೊಡ್ಡ ಆಸ್ತಿಗಳು ಬೆಳೆದದ್ದು ಚೀನಾ ವ್ಯಾಪಾರದಲ್ಲಿ. ಆ ವ್ಯಾಪಾರಿಗಳಲ್ಲಿ ಪ್ರಸಿದ್ಧರಾದ ಜಮ್‌ಶೆಟ್‌ಜಿ ಜೀಜೀಭಾಯಿ ಅವರಿಗೆ ನೈಟ್ ಪದವಿ ಸಿಕ್ಕಿದ್ದೂ ಅದೇ 1842ರಲ್ಲಿ. ಅವರ ಹೆಸರಿನ ಜೆ.ಜೆ. ಕಲಾಶಾಲೆಯಲ್ಲಿ ಪಾಠ ಮಾಡಿದ ಲಾಕ್‌ವುಡ್ ಕಿಪ್ಲಿಂಗ್ ಅವರೇ 1869ರಲ್ಲಿ ಕಟ್ಟಿ ಮುಗಿಸಿದ ಕ್ರಾಫರ್ಡ್ ಮಾರ್ಕೆಟ್‌ನ ಬಾಗಿಲ ಮೇಲಿನ ಕೆತ್ತನೆಗಳನ್ನು ರೂಪಿಸಿದ್ದು. ಹಾಗಾಗಿ ಆ ಮಾರ್ಕೆಟ್‌ನ ಪಂಜರದಲ್ಲಿ ಕೂತ ಕೊಚ್ಚಿನ್ ಕೋಳಿಗೂ ಬಾಗಿಲ ಮೇಲಿನ ಕಲ್ಲಿಗೂ ಸಂಬಂಧ ಇಲ್ಲ ಅಂತ ನಾನು ಹೇಳಲಾರೆ. ಎರಡೂ ಒಂದೇ ಸಮುದ್ರದಾರಿಯ ಫಸಲು.

ಇಂಗ್ಲೆಂಡ್‌ನಲ್ಲಿ ಏನಾಯ್ತು? ಹುಚ್ಚು ಹಿಡೀತು. 1850ರ ಬರ್ಮಿಂಗ್‌ಹ್ಯಾಂ ಪ್ರದರ್ಶನದಲ್ಲಿ ಜನ ಈ ಕೋಳಿ ನೋಡೋಕೆ ಮುಗಿಬಿದ್ರು. ಅಲ್ಲಿನ ಊರಕೋಳಿಗಿಂತ ಎಷ್ಟೋ ದೊಡ್ಡದು, ಸಾಧು ಸ್ವಭಾವ, ಚಳಿಗಾಲದಲ್ಲೂ ಮೊಟ್ಟೆ. ಬೆಲೆ ಆಕಾಶಕ್ಕೆ ಹೋಯ್ತು, "ಪಂಚ್" ಪತ್ರಿಕೆ ವ್ಯಂಗ್ಯಚಿತ್ರ ಬರೀತು. ಅಮೆರಿಕದ ಬಾಸ್ಟನ್‌ನಲ್ಲಿ 1849ರಲ್ಲೇ ದೊಡ್ಡ ಕೋಳಿ ಪ್ರದರ್ಶನ ಆಗಿತ್ತು. ಅಲ್ಲಿನ ವ್ಯಾಪಾರಿ ಜಾರ್ಜ್ ಬರ್ನ್‌ಹ್ಯಾಂ 1852ರಲ್ಲಿ ವಿಕ್ಟೋರಿಯಾ ರಾಣಿಗೇ ಕೋಳಿ ಉಡುಗೊರೆ ಕಳಿಸಿ ಹೆಸರು ಮಾಡಿದ. ಹುಚ್ಚು ಇಳಿದ ಮೇಲೆ, 1855ರಲ್ಲಿ, ಆ ಹುಚ್ಚನ್ನೇ ಗೇಲಿ ಮಾಡಿ ಪುಸ್ತಕ ಬರೆದು ಅದರಲ್ಲೂ ದುಡ್ಡು ಮಾಡಿದ! ಅವನು ಕಳಿಸಿದ ಜಾತಿಗೆ ನಿಂತ ಹೆಸರು "ಬ್ರಹ್ಮ", ಅಂದ್ರೆ ಬ್ರಹ್ಮಪುತ್ರ ನದಿಯದ್ದು. ಅದರಲ್ಲೂ ಶಾಂಘೈ ಕೋಳಿಯ ರಕ್ತವೇ ಜಾಸ್ತಿ. ಇಲ್ಲೂ ನಮ್ಮ ಹೆಸರು, ಅವರ ಕೋಳಿ.

ಈ ಗದ್ದಲದ ನಡುವೆ ಒಬ್ಬ ಮನುಷ್ಯ ಸುಮ್ಮನೆ ಕೂತು ಕೋಳಿಯ ತಲೆಬುರುಡೆ ಅಳೀತಾ ಇದ್ದ. ಚಾರ್ಲ್ಸ್ ಡಾರ್ವಿನ್. ಕೊಚ್ಚಿನ್ ಕೋಳಿಯ ಬುರುಡೆಯ ಹಿಂದಿನ ರಂಧ್ರದ ಆಕಾರ ಕಾಡುಕೋಳಿಯದಕ್ಕಿಂತ ಬೇರೆ ಅಂತ ಅವನು ಬರೆದಿಟ್ಟ. ಮನುಷ್ಯ ಆರಿಸ್ತಾ ಹೋದ ಹಾಗೆ ಪ್ರಾಣಿ ಎಷ್ಟು ಬದಲಾಗಬಹುದು ಅನ್ನೋದು ಅವನ ಪ್ರಶ್ನೆ. ಅದಕ್ಕೆ ಜಗತ್ತಿನ ಮೂಲೆಮೂಲೆಯಿಂದ ಸಾಕುಹಕ್ಕಿಗಳ ಚರ್ಮ ಬೇಕಿತ್ತು. ಭಾರತದಿಂದ ಕಳಿಸಿದವರಲ್ಲಿ ಒಬ್ಬ ಯಾರು ಗೊತ್ತಾ? ವಾಲ್ಟರ್ ಎಲಿಯಟ್.

ಕನ್ನಡಿಗರಿಗೆ ಈ ಹೆಸರು ಗೊತ್ತಿರಲೇಬೇಕು. 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರು ಸೆರೆ ಹಿಡಿದ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ಇದೇ ಎಲಿಯಟ್. ಜೀವಸಹಿತ ಬಿಡುಗಡೆಯಾದ. ಆಮೇಲೆ ಧಾರವಾಡ ಸೀಮೆಯಲ್ಲೇ ಇದ್ದು ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿದ, ಅಲ್ಲಿನ ಪ್ರಾಣಿಗಳ ಬಗ್ಗೆಯೂ ಬರೆದ. ಮುಂದೆ ಮದ್ರಾಸಿನಲ್ಲಿದ್ದಾಗ ಡಾರ್ವಿನ್‌ಗೆ ಹಕ್ಕಿಚರ್ಮ ಕಳಿಸಿದ. 1859ರ "ಜೀವಿಜಾತಿಗಳ ಉಗಮ" ಪುಸ್ತಕದ ಮೊದಲ ಅಧ್ಯಾಯದಲ್ಲೇ ಅವನಿಗೆ ಕೃತಜ್ಞತೆ ಇದೆ. ಚೆನ್ನಮ್ಮನ ಸೈನಿಕರು ಅವತ್ತು ಬೇರೆ ನಿರ್ಧಾರ ಮಾಡಿದ್ದಿದ್ರೆ ನಮ್ಮ ಶಾಸನಗಳ ಕಥೆಯೂ ಬೇರೆ ಆಗ್ತಿತ್ತು, ಆ ಪುಸ್ತಕದಲ್ಲಿ ಒಂದು ಹೆಸರೂ ಕಡಿಮೆ ಆಗ್ತಿತ್ತು.

1868ರಲ್ಲಿ ಡಾರ್ವಿನ್ ತೀರ್ಪು ಕೊಟ್ಟ: ಎಲ್ಲ ಸಾಕುಕೋಳಿಗೂ ಒಂದೇ ಮೂಲ, ಕೆಂಪು ಕಾಡುಕೋಳಿ. ನಮ್ಮ ಸಹ್ಯಾದ್ರಿಯ ಬೂದು ಕಾಡುಕೋಳಿಯನ್ನು ಅವನು ಪರಿಗಣಿಸಿ, ಅದರ ಮಿಶ್ರ ಮರಿಗಳು ಹೆಚ್ಚಾಗಿ ಬಂಜೆಯಾಗ್ತವೆ ಅನ್ನೋ ಕಾರಣಕ್ಕೆ ಕೈಬಿಟ್ಟ. ಬಹುಮಟ್ಟಿಗೆ ಅವನು ಹೇಳಿದ್ದು ಸರಿ. ಆದರೆ ಒಂದು ವಿಷಯ ತಪ್ಪಿಹೋಯ್ತು. ಕೆಂಪು ಕಾಡುಕೋಳಿಯ ಕಾಲು ಬೂದು. ಕೊಚ್ಚಿನ್‌ನ ಕಾಲು ಹಳದಿ. ಈ ಹಳದಿ ಎಲ್ಲಿಂದ ಬಂತು? 2008ರಲ್ಲಿ ಸ್ವೀಡನ್‌ನ ಉಪ್ಸಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ ಜೀನ್ ಪರೀಕ್ಷೆ ಮಾಡಿ ಹೇಳಿತು: ಹಳದಿ ಚರ್ಮದ ಗುಣ ಸಾಕುಕೋಳಿಗೆ ಬಂದದ್ದು ಬಹುಮಟ್ಟಿಗೆ ಬೂದು ಕಾಡುಕೋಳಿಯಿಂದ.

ಬೂದು ಕಾಡುಕೋಳಿ ಎಲ್ಲಿರುತ್ತೆ? ಆಗುಂಬೆಯಲ್ಲಿ, ಕೊಡಗಿನಲ್ಲಿ, ಸಹ್ಯಾದ್ರಿಯ ಉದ್ದಕ್ಕೂ. ದಹಿಸರ್‌ನ ಆ ಹಿತ್ತಲಿಗೆ ಹತ್ತಿರದಲ್ಲೇ ಇರುವ ಬೊರಿವಲಿಯ ರಾಷ್ಟ್ರೀಯ ಉದ್ಯಾನದ ಕಾಡಲ್ಲೂ. ಅಂದ್ರೆ ಕೊಚ್ಚಿನ್ ಅನ್ನೋ ಹೆಸರು ನಮ್ಮದಲ್ಲ, ತಳಿ ನಮ್ಮದಲ್ಲ, ಆದರೆ ಅದರ ಕಾಲಿನ ಹಳದಿಯಲ್ಲಿ ನಮ್ಮ ಕಡೆಯ ಕಾಡು ಇದೆ. ಹೆಸರು ಸುಳ್ಳು ಹೇಳ್ತು, ಕಾಲು ನಿಜ ಹೇಳ್ತು.

ಇನ್ನು ಆಯ್ಕೆಯ ವಿಷಯ. ಪ್ರದರ್ಶನಗಳು ಶುರುವಾದ ಮೇಲೆ ಕೊಚ್ಚಿನ್‌ಗೆ ಲಿಖಿತ ನಿಯಮ ಬಂತು. ಅಮೆರಿಕದ ಮೊದಲ ನಿಯಮಪುಸ್ತಕ 1874ರದ್ದು, ಅದರಲ್ಲೇ ಕೊಚ್ಚಿನ್ ಇದೆ. ದೊಡ್ಡ ಜಾತಿಯ ಹುಂಜ ಸುಮಾರು 5 ಕಿಲೋ, ಹೇಂಟೆ ಸುಮಾರು 3.9 ಕಿಲೋ ತೂಗಬೇಕು. ಬೆನ್ನು ಗಿಡ್ಡ, ಅಗಲ; ಬಾಲದ ಬುಡದಲ್ಲಿ ದಿಂಬಿನ ಹಾಗೆ ಉಬ್ಬು; ಒಂಟಿ ಜುಟ್ಟು, ಐದು ಮೊನೆ; ಕಾಲು ದಪ್ಪ, ಅಂತರ ಬಿಟ್ಟು ನಿಂತಿರಬೇಕು; ಗರಿ ನಡುಬೆರಳವರೆಗೂ ಬರಬೇಕು. ಇಷ್ಟೂ ಸರಿ. ಆದರೆ ತೀರ್ಪುಗಾರನ ಕಣ್ಣಿಗೆ ಬೀಳೋದು ಪುಕ್ಕ. ಬಹುಮಾನ ಗೆದ್ದದ್ದು ಪುಕ್ಕ. ಸಾಕಿದವರು ವರ್ಷವರ್ಷ ಪುಕ್ಕವನ್ನೇ ಆರಿಸಿದ್ರು. ಮೊಟ್ಟೆಗೂ ಮಾಂಸಕ್ಕೂ ಹೆಸರಾಗಿದ್ದ ಕೋಳಿ ಕೆಲವೇ ದಶಕದಲ್ಲಿ ಅಲಂಕಾರದ ಕೋಳಿ ಆಯ್ತು.

ಅದರ ಉಪಯೋಗ ಉಳಿದದ್ದು ಬೇರೆ ಜಾತಿಗಳ ಒಳಗೆ. ಪ್ಲೈಮೌತ್ ರಾಕ್, ಬಫ್ ಆರ್ಪಿಂಗ್ಟನ್, ರೋಡ್ ಐಲೆಂಡ್ ರೆಡ್, ಇವುಗಳ ಹಿಂದೆಲ್ಲ ಶಾಂಘೈ ಕೋಳಿಯ ರಕ್ತ ಇದೆ. ಇವುಗಳಲ್ಲಿ ಕೆಲವು ಸರಕಾರಿ ಫಾರಂಗಳ ಮೂಲಕ ಮತ್ತೆ ನಮ್ಮ ದೇಶಕ್ಕೆ ಬಂದವು. ಮುಂಬೈಯ ಆರೇ ಕಾಲನಿಯಲ್ಲಿ ಕೇಂದ್ರ ಸರಕಾರದ ಕೋಳಿ ತಳಿ ಕೇಂದ್ರ ಆಯ್ತು, ನಮ್ಮ ಹೆಸರಘಟ್ಟದಲ್ಲೂ ಒಂದು ಆಯ್ತು. ಬೆಂಗಳೂರಿನ ಹೆಬ್ಬಾಳದಲ್ಲಿ ಹುಟ್ಟಿದ "ಗಿರಿರಾಜ" ಕೋಳಿಯ ಹಿರಿಯರಲ್ಲೂ ಪ್ಲೈಮೌತ್ ರಾಕ್ ಇದೆ. ನಮ್ಮ ಹಳ್ಳಿಯ ಹಿತ್ತಲಲ್ಲಿ ಓಡಾಡುವ ಗಿರಿರಾಜ, ದೂರದಿಂದ ನೋಡಿದ್ರೆ, ಕೊಚ್ಚಿನ್‌ನ ಮರಿಮಗ.

ತುಳುನಾಡಿನವರಿಗೆ ಇದು ಹೊಸ ಪಾಠ ಅಲ್ಲ. ಕೋಳಿ ಅಂಕದವರು ಬೊಳ್ಳೆ, ಕೆಮ್ಮೈರೆ, ಕುಪ್ಪುಳೆ ಅಂತ ಬಣ್ಣಕ್ಕೊಂದು ಹೆಸರಿಟ್ಟಿದ್ದಾರೆ, ಬಣ್ಣ ನೋಡಿ ಗೆಲುವು ಹೇಳೋಕೆ ಕುಕ್ಕುಟ ಪಂಚಾಂಗವೇ ಇದೆ. ಆದರೂ ಅನುಭವಸ್ಥ ಮನುಷ್ಯ ಹುಂಜವನ್ನು ಕೈಗೆತ್ತಿಕೊಳ್ಳದೆ ಮಾತಾಡಲ್ಲ. ಎದೆ ಮುಟ್ಟಿ ನೋಡ್ತಾನೆ, ತೊಡೆ ಹಿಸುಕಿ ನೋಡ್ತಾನೆ. ಆ ಅಂಕದ ಹಿಂಸೆಯನ್ನು ನಾನು ಹೊಗಳ್ತಾ ಇಲ್ಲ. ಆ ಕೈಯ ತಿಳಿವಳಿಕೆಯನ್ನು ಮಾತ್ರ ಹೇಳ್ತಾ ಇದ್ದೇನೆ.

ಹಾಗಾಗಿ ದಹಿಸರ್‌ನವರಿಗೆ ನಾನು ಹೇಳಿದ್ದು ಇಷ್ಟು. ಫೋಟೊ ಬದಿಗಿಡಿ, ತಕ್ಕಡಿ ತನ್ನಿ. ಪುಕ್ಕದ ಒಳಗೆ ಕೈ ಹಾಕಿ ಎದೆಮೂಳೆ ಮುಟ್ಟಿ. ಮೂಳೆ ಚೂರಿಯ ಹಾಗೆ ಚುಚ್ಚಿದ್ರೆ ನೀವು ಸಾಕಿದ್ದು ದಿಂಬು, ಕೋಳಿ ಅಲ್ಲ. ಕೊಚ್ಚಿನ್ ನಿಧಾನಕ್ಕೆ ಬೆಳೆಯುವ ಜಾತಿ, ಎಳೆ ಹುಂಜವನ್ನು ಆರನೇ ತಿಂಗಳಿಗೇ ತೀರ್ಮಾನ ಮಾಡಬೇಡಿ. ನಿಮ್ಮವು ವರ್ಷ ದಾಟಿವೆ, ಈಗ ನೋಡಬಹುದು. ಕಾಲಿನ ಗರಿ ನೋಡುವಾಗ ಮುಂಬೈಯ ಮಳೆಗಾಲ ನೆನಪಿರಲಿ: ಒದ್ದೆ ಕೆಸರು ಆ ಗರಿಗೆ ಅಂಟಿ ಗಟ್ಟಿಯಾಗುತ್ತೆ, ಹುಣ್ಣಾಗುತ್ತೆ, ಹುರುಪೆಯ ಒಳಗೆ ಹುಳು ಸೇರುತ್ತೆ. ಭತ್ತದ ಉಮಿ ದಪ್ಪಗೆ ಹಾಸಿ, ಒದ್ದೆಯಾದದ್ದನ್ನು ತೆಗೀತಾ ಇರಿ. ಮೇ ತಿಂಗಳ ಸೆಕೆಯಲ್ಲಿ ಯಾವ ಹುಂಜ ಬಾಯಿ ತೆರೆದು ಏದುಸಿರು ಬಿಡ್ತು, ಯಾವುದು ತಾಳಿಕೊಂಡಿತು, ಅದೂ ಲೆಕ್ಕ. ಮರಿ ಮಾಡಿಸೋದು ನವೆಂಬರ್ ಮೇಲೆ. ಅದಕ್ಕೂ ಮುಂಚೆ ಹಿಂಭಾಗದ ಪುಕ್ಕ ಸ್ವಲ್ಪ ಕತ್ತರಿಸಿ, ಇಲ್ಲಾಂದ್ರೆ ಮೊಟ್ಟೆ ಫಲವಾಗೋದು ಕಡಿಮೆ. ಬಣ್ಣ? ಅದು ಕೊನೆಗೆ. ಬಣ್ಣವನ್ನು ಎರಡು ಮೂರು ತಲೆಮಾರಲ್ಲಿ ತಿದ್ದಬಹುದು. ಕಳೆದುಹೋದ ಮೈಕಟ್ಟನ್ನು ನಾಲ್ಕು ಹೇಂಟೆಯ ಹಿತ್ತಲಲ್ಲಿ ವಾಪಸ್ ತರೋದು ಬಹಳ ಕಷ್ಟ.

ಒಂದು ವಾರ ಬಿಟ್ಟು ಅವರ ಫೋನ್ ಬಂತು. ಚೆಂದದ ಹುಂಜ 3.4 ಕಿಲೋ. ಸಾಧಾರಣದ್ದು 4.6. "ನಾನು ನಂಬಲೇ ಇಲ್ಲ ಮಾರಾಯ್ರೆ, ಎರಡು ಸಲ ತೂಗಿದೆ" ಅಂದ್ರು. ತೂಕದ ಹುಂಜ ಉಳೀತು. ಚೆಂದದ್ದು ವಿರಾರ್‌ನ ಸ್ನೇಹಿತರ ತೋಟಕ್ಕೆ ಹೋಯ್ತು, ಅದನ್ನು ಸಾರಿಗೆ ಹಾಕಬಾರದು ಅಂತ ಮೊಮ್ಮಗಳು ಅವರ ಹತ್ರ ಮಾತು ತಗೊಂಡ ಮೇಲೆ. ಹುಡುಗಿ ಎರಡು ದಿನ ಅಜ್ಜನ ಹತ್ರ ಮಾತು ಬಿಟ್ಟಿದ್ದಳಂತೆ. ಅದನ್ನು ಹೇಳುವಾಗ ಅವರ ದನಿ ಸ್ವಲ್ಪ ಇಳಿದಿತ್ತು. ಆರಿಸೋದು ಅಂದ್ರೆ ಒಂದನ್ನು ಬಿಡೋದೂ ಹೌದು. ವಿಂಡ್ಸರ್‌ನಲ್ಲಾದರೂ ಅಷ್ಟೇ, ದಹಿಸರ್‌ನಲ್ಲಾದರೂ ಅಷ್ಟೇ.

ನಿಮ್ಮ ಮನೆಯಲ್ಲೂ ಅಜ್ಜ, ಅಜ್ಜಿ, ಮಾವ ಕೋಳಿ ಆರಿಸುವಾಗ ಏನು ನೋಡ್ತಿದ್ರು ಅಂತ ನೆನಪಿದ್ರೆ ಬರೆದು ತಿಳಿಸಿ. ಮುಂದಿನ ಮಾತಲ್ಲಿ ಸಿಗೋಣ.